ಪೆನ್ಸಿಲ್ ಉಜ್ಜಿದ್ರೆ ಅದು ಡ್ರಾಯಿಂಗ್ ಆಗುತ್ತಾ? ಮತ್ತೆ ಈ ಪೆನ್ರೋಸ್ ಯಾರು?

ಗೀಚುಗಾರ:
ಮ್ಯಾಕ್ಸ್ ಅರ್ನ್ಸ್ಟ್‌ನ ಒಂದು ಸರ್ರಿಯಲಿಸ್ಟ್ (ಅಂದ್ರೆ ಕನಸಿನಂಥ ವಿಚಿತ್ರ ಕಲೆ) ಡ್ರಾಯಿಂಗ್ ನೋಡ್ದೆ, ಮರದ ಹಲಗೆಗಳ ನಡುವೆ ದೊಡ್ಡ ಎಲೆ, ಅಷ್ಟೇ, ಆದ್ರೆ ಕಣ್ಣು ಕೀಳೋಕೇ ಆಗ್ಲಿಲ್ಲ. ಆಮೇಲೆ ಗೊತ್ತಾಯ್ತು ಅದು ಕಾಗದದ ಕೆಳಗೆ ಏನೋ ಇಟ್ಟು ಉಜ್ಜಿದ್ದು ಅಂತ. ಒಂಥರಾ ಮೋಸ ಹೋದಂಗಾಯ್ತು. ಇನ್ನೊಂದು, ಅರ್ನ್ಸ್ಟ್ ಬಗ್ಗೆ ಎಲ್ಲಿ ಓದಿದ್ರೂ ರೋಲಂಡ್ ಪೆನ್ರೋಸ್ ಹೆಸರು ಬರುತ್ತಲ್ಲ, ಅವನು ಕಲಾವಿದನಾ ಇಲ್ಲಾ ದುಡ್ಡಿರೋ ಕಲೆಕ್ಟರಾ?

ಮಸಿಬೆರಳು:
ಚಿಕ್ಕವರಿದ್ದಾಗ ನಾಣ್ಯದ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿಲ್ವಾ, ಅದೇ ಇದು, ಹೆಸರು ಫ್ರೊಟಾಜ್. 1925ರಲ್ಲಿ ಫ್ರಾನ್ಸಿನ ಪೋರ್ನಿಕ್‌ನಲ್ಲಿ ತಾನು ಉಳ್ಕೊಂಡಿದ್ದ ರೂಮಿನ ಸವೆದ ಮರದ ನೆಲ ನೋಡ್ತಾ ನೋಡ್ತಾ ಹೊಳೀತು ಅಂತ ಅರ್ನ್ಸ್ಟೇ ಹೇಳ್ಕೊಂಡಿದ್ದಾನೆ. ಉಜ್ಜೋದು ಯಾರ್ ಬೇಕಾದ್ರೂ ಉಜ್ಜಬಹುದು ಸ್ವಾಮಿ, ಆ ಗೆರೆಗಳಲ್ಲಿ ಕಾಡು ಕಾಣಿಸ್ಬೇಕು, ಎಲ್ಲಿ ಕೈ ನಿಲ್ಲಿಸ್ಬೇಕು ಅಂತ ಗೊತ್ತಿರ್ಬೇಕು. ಇಂಥ 34 ಚಿತ್ರ ಸೇರಿಸಿ 1926ರಲ್ಲಿ 'ಇಸ್ತ್ವಾರ್ ನಾಚುರೆಲ್' ಅಂತ ಒಂದು ಸಂಪುಟ ತಂದ, ನೀವು ನೋಡಿದ್ದು ಅದರದ್ದೇ ಇರ್ಬೇಕು.

ಹಳೇಫ್ರೇಮ್:
ಪೆನ್ರೋಸ್ ಎರಡೂ ಹೌದು. ಇಂಗ್ಲೆಂಡಿನವನು, ದುಡ್ಡಿರೋ ಮನೆತನ, 1922ರಲ್ಲಿ ಪೇಂಟಿಂಗ್ ಕಲಿಯೋಕೆ ಅಂತ ಫ್ರಾನ್ಸಿಗೆ ಹೋಗಿ ಅರ್ನ್ಸ್ಟ್, ಕವಿ ಎಲುವಾರ್ ಇವರ ಗೆಳೆತನಕ್ಕೆ ಬಿದ್ದ. 1936ರಲ್ಲಿ ಲಂಡನ್ನಿನ ಸರ್ರಿಯಲಿಸ್ಟ್ ಪ್ರದರ್ಶನ ಮಾಡಿಸಿದವರಲ್ಲಿ ಇವನೂ ಒಬ್ಬ (ಚಿತ್ರಕಾರ ಡಾಲಿ ಡೈವಿಂಗ್ ಸೂಟ್ ಹಾಕ್ಕೊಂಡು ಭಾಷಣಕ್ಕೆ ಬಂದು ಉಸಿರುಗಟ್ಟಿ ಒದ್ದಾಡಿದ್ದು ಅಲ್ಲೇ). 1937ರಲ್ಲಿ ಪಿಕಾಸೊನ 'ವೀಪಿಂಗ್ ವುಮನ್' ಚಿತ್ರಾನ ನೇರ ಅವನ ಹತ್ರಾನೇ ಕೊಂಡ್ಕೊಂಡ, ಮಾರನೇ ವರ್ಷ ಎಲುವಾರ್‌ನ ಸಂಗ್ರಹ ಒಟ್ಟಿಗೇ ತಗೊಂಡ, ಅರ್ನ್ಸ್ಟ್‌ನ 'ಸೆಲೆಬೆಸ್' ಅನ್ನೋ ಆನೆ ಚಿತ್ರ ಬಂದಿದ್ದು ಅದರ ಜೊತೆಗೇ. ಎರಡೂ ಚಿತ್ರ ಈಗ ಲಂಡನ್ನಿನ ಮ್ಯೂಸಿಯಂ ಟೇಟ್‌ನಲ್ಲಿವೆ. ಏಜೆಂಟ್ ಇಟ್ಕೊಂಡು ಹರಾಜಲ್ಲಿ ಕೂಗಿದವನಲ್ಲ, ಗೆಳೆಯರ ಕೈಯಿಂದ ತಗೊಂಡಿದ್ದೇ ಜಾಸ್ತಿ, ನನಗೆ ಅದೇ ಇಷ್ಟ.

ಗೀಚುಗಾರ:
ಸರಿ, ಅವನು ಸ್ವಂತ ಬಿಡಿಸಿದ್ದು ಹೆಂಗಿದೆ?

ಮಸಿಬೆರಳು:
ಪೋಸ್ಟ್‌ಕಾರ್ಡ್ ಕೊಲಾಜ್ ನೋಡಿ. ಒಂದೇ ಪ್ರವಾಸಿ ಪೋಸ್ಟ್‌ಕಾರ್ಡಿನ ಹತ್ತಾರು ಪ್ರತಿ ಬೀಸಣಿಗೆ ಥರ ಅಂಟಿಸ್ತಾನೆ, ಊರು ಹೋಗಿ ಬರೀ ಬಣ್ಣದ ಅಲೆ ಉಳಿಯುತ್ತೆ.

ಹಳೇಫ್ರೇಮ್:
ನನಗೇನೋ ಅರ್ನ್ಸ್ಟ್ ಮುಂದೆ ಸಪ್ಪೆ. ಗೋಡೆ ತುಂಬಾ ಪಿಕಾಸೊ ನೇತಾಕ್ಕೊಂಡವನ ಸ್ವಂತ ಚಿತ್ರಾನ ಯಾರು ತಿರುಗಿ ನೋಡ್ತಾರೆ ಹೇಳಿ. ಆದ್ರೆ 'ಲಾಸ್ಟ್ ವಾಯೇಜ್ ಆಫ್ ಕ್ಯಾಪ್ಟನ್ ಕುಕ್' ಬಿಟ್ಟು ಹೇಳ್ತಿದ್ದೀನಿ, ತಂತಿ ಗೋಳದೊಳಗೆ ಹೆಣ್ಣಿನ ಮುಂಡ ನಿಲ್ಲಿಸಿದ್ದಾನೆ, ಮೈಮೇಲೆಲ್ಲ ಬಣ್ಣದ ಪಟ್ಟೆ, ಅದು ಮಾತ್ರ ತಲೆಯಿಂದ ಹೋಗಲ್ಲ.