ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಒಂಬತ್ತೂವರೆ ಗಂಟೆನಾ?

ಹಾಸನದ ಹುಡುಗಿ:
ಅಕ್ಕನ ಬಾಣಂತನಕ್ಕೆ ಅಮ್ಮ ಜೂನ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟಿದ್ದಾರೆ, ಒಬ್ಬರೇ. ಫ್ರಾಂಕ್‌ಫರ್ಟ್‌ನಲ್ಲಿ ವಿಮಾನ ಬದಲಿಸಬೇಕು. ಬೆಂಗಳೂರಿಂದ ಬೆಳಗಿನ ಜಾವ 3ಕ್ಕೆ ಹೊರಟು, ಅದೇ ದಿನ ಮಧ್ಯಾಹ್ನ 12:30ಕ್ಕೆ ತಲುಪುತ್ತದೆ ಅಂತ ಟಿಕೆಟ್‌ನಲ್ಲಿದೆ. "ಅಷ್ಟೇನಾ, ಬೆಳಗಾವಿ ಬಸ್ಸಿನ ಹಾಗೆ" ಅಂತ ಅಮ್ಮ ಖುಷಿಯಲ್ಲಿದ್ದಾರೆ. ನಿಜಕ್ಕೂ ದೂರ ಎಷ್ಟು?

ಗುಂಡ:
ನೇರ ದೂರವೇ ಸುಮಾರು 14,000 ಕಿ.ಮೀ. ಒಂಬತ್ತೂವರೆ ಗಂಟೆಗೆ ರಾಕೆಟ್ ಬುಕ್ ಮಾಡಿ.

ಮೂರು ಬಾಣಂತನದಜ್ಜಿ:
ಅಮ್ಮನಿಗೆ ನಿಜ ಹೇಳಿಬಿಡಮ್ಮ. 22 ಗಂಟೆ ಆಗುತ್ತದೆ. ಬೇಸಿಗೆಯಲ್ಲಿ ಅಲ್ಲಿನ ಗಡಿಯಾರ ನಮಗಿಂತ ಹನ್ನೆರಡೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ಹದಿಮೂರೂವರೆ. ಅಮ್ಮ ಅಲ್ಲಿ ಇಳಿಯುವಾಗ ಹಾಸನದಲ್ಲಿ ಮಧ್ಯರಾತ್ರಿ ಕಳೆದು 1 ಗಂಟೆ.

ಫ್ರಾಂಕ್‌ಫರ್ಟಿಗೆ ಸುಮಾರು 7,400 ಕಿ.ಮೀ., ಅಲ್ಲಿಂದ ಮುಂದೆ 9,100ಕ್ಕೂ ಸ್ವಲ್ಪ ಜಾಸ್ತಿ. ಆ ಎರಡನೇ ವಿಮಾನ ಅಮೆರಿಕಕ್ಕೆ ಹೋಗುವ ಬದಲು ಗ್ರೀನ್‌ಲ್ಯಾಂಡ್ ಕಡೆ ಯಾಕೆ ಏರುತ್ತದೆ ಅಂತ ನನಗೂ ತಲೆಕೆಟ್ಟಿತ್ತು. ಮೊಮ್ಮಗನ ಗ್ಲೋಬ್ ಮೇಲೆ ಹೂ ಕಟ್ಟುವ ದಾರ ಎಳೆದು ಹಿಡಿದೆ, ಗೊತ್ತಾಯಿತು. ಗೋಡೆಯ ಮ್ಯಾಪಿನಲ್ಲಿ ಸೊಟ್ಟ ಕಾಣುವ ದಾರಿಯೇ ದುಂಡಗಿನ ಭೂಮಿಯಲ್ಲಿ ಹತ್ತಿರ. ಕಿಟಕಿ ಪಕ್ಕ ಕೂತರೆ ಹಿಮ ಕಾಣುತ್ತದೆ, ಮೋಡ ಇಲ್ಲದಿದ್ದರೆ.

ಇನ್ನೊಂದು ತಮಾಷೆ. ಫ್ರಾಂಕ್‌ಫರ್ಟಲ್ಲಿ ಬೆಳಿಗ್ಗೆ ಹತ್ತಿದರೆ ಹನ್ನೊಂದೂವರೆ ಗಂಟೆ ಹಾರಿದರೂ ಮಧ್ಯಾಹ್ನವೇ. ಸೂರ್ಯನ ಹಿಂದೆಯೇ ಓಡಿದ ಹಾಗೆ. ನಮ್ಮ ಯಜಮಾನರು "ಸಾಯಂಕಾಲವೇ ಆಗಲಿಲ್ಲ, ಸಂಧ್ಯಾವಂದನೆ ಯಾವಾಗ ಮಾಡಲಿ?" ಅಂತ ಒದ್ದಾಡಿದ್ದರು.

ವಿಮಾನ ಬದಲಿಸಲು ಎರಡು ಗಂಟೆಯಾದರೂ ಇದೆಯಾ ನೋಡಿ. ಒಮ್ಮೆ ನನಗೆ ಸಿಕ್ಕಿದ್ದು 55 ನಿಮಿಷ. ನಾನು ಹೇಗೋ ಹತ್ತಿದೆ, ಪೆಟ್ಟಿಗೆ ಹತ್ತಲಿಲ್ಲ. ಬಿಪಿ ಮಾತ್ರೆ ಅದರಲ್ಲೇ ಇತ್ತು! ಮಾತ್ರೆ ಕೈಚೀಲದಲ್ಲಿರಲಿ. ವೀಲ್‌ಚೇರ್‌ಗೆ ಈಗಲೇ ಹೇಳಿಡಿ, ನಾಚಿಕೆ ಬೇಡ.

ಗುಂಡ:
ನೇರ ವಿಮಾನದ ಕಥೆಯೂ ಚೆನ್ನಾಗಿದೆ. 2021ರ ಜನವರಿಯಲ್ಲಿ ಏರ್ ಇಂಡಿಯಾ ಈ ದಾರಿ ಶುರು ಮಾಡಿದಾಗ, ಮೊದಲ ವಿಮಾನವನ್ನು ಅಲ್ಲಿಂದ ಬೆಂಗಳೂರಿಗೆ ಉತ್ತರ ಧ್ರುವದ ಮೇಲೆ ಹಾರಿಸಿ ತಂದವರು ಎಲ್ಲರೂ ಮಹಿಳಾ ಪೈಲಟ್‌ಗಳು. ಸುಮಾರು 17 ಗಂಟೆ.

ಹಾಸನದ ಹುಡುಗಿ:
ಥ್ಯಾಂಕ್ಸ್ ಅಜ್ಜಿ. ಬರುವಾಗ?

ಮೂರು ಬಾಣಂತನದಜ್ಜಿ:
ಹೋಗುವಾಗ ಸಿಕ್ಕಿದ ದಿನವನ್ನು ಬರುವಾಗ ಕಿತ್ತುಕೊಳ್ಳುತ್ತಾರೆ. ಭಾನುವಾರ ಮಧ್ಯಾಹ್ನ ಹೊರಟರೆ ಬೆಂಗಳೂರಲ್ಲಿ ಇಳಿಯುವಷ್ಟರಲ್ಲಿ ಮಂಗಳವಾರ ಹುಟ್ಟಿರುತ್ತದೆ. ಏಕಾದಶಿ ಉಪವಾಸ ಇದ್ದರೆ ಲೆಕ್ಕ ಹಾಕಿ.

ಹಾಸನದ ಹುಡುಗಿ:
22 ಗಂಟೆ ಅಂದೆ. "ಹಾಗಾದ್ರೆ ಚಪಾತಿ ಎಷ್ಟು ಮಾಡ್ಲಿ?" ಅಂತಿದ್ದಾರೆ ಅಮ್ಮ.

ಮೂರು ಬಾಣಂತನದಜ್ಜಿ:
ಆರು ಸಾಕು. ಹಣ್ಣು ಮಾತ್ರ ಉಳಿಸಿಕೊಂಡು ಇಳಿಯಬೇಡಿ, ಅಲ್ಲಿ ಕಿತ್ತುಕೊಳ್ಳುತ್ತಾರೆ.