3ಡಿ ಪಿಡಿಎಫ್: ವೆಂಡರ್ ಮೊಬೈಲ್‌ನಲ್ಲಿ ತಿರುಗುತ್ತಿಲ್ಲ, ಫೈಲ್ ದೊಡ್ಡದು, ಅಳತೆ ತಪ್ಪು

ಫಿಕ್ಸ್ಚರ್_ಡಿಸೈನ್
ನಮಸ್ಕಾರ. ಸಾಲಿಡ್‌ವರ್ಕ್ಸ್ ಎಂಬ ಕ್ಯಾಡ್ (ಕಂಪ್ಯೂಟರ್ ವಿನ್ಯಾಸ) ಸಾಫ್ಟ್‌ವೇರ್‌ನಲ್ಲಿ ಮಾಡಿದ ಡ್ರಿಲ್ ಫಿಕ್ಸ್ಚರ್ (ಡ್ರಿಲ್ ಮಾಡುವಾಗ ಜಾಬ್ ಹಿಡಿದಿಡುವ ಸಾಧನ), ಸುಮಾರು 140 ಪಾರ್ಟ್. ಕೆಲಸ ಮಾಡಿಕೊಡುವ ಪೀಣ್ಯದ ಮಷೀನ್ ಶಾಪ್‌ನಲ್ಲಿ ಕ್ಯಾಡ್ ಇಲ್ಲ. ಅದಕ್ಕೇ ಸೇವ್ ಆ್ಯಸ್‌ನಲ್ಲಿ ಪಿಡಿಎಫ್ ಆರಿಸಿ, 3ಡಿ ಪಿಡಿಎಫ್ ಟಿಕ್ ಹಾಕಿ ಕೊಡೋಣ ಅಂತ. ಮೂರು ತೊಂದರೆ: ಮೊಬೈಲ್‌ನಲ್ಲಿ ಬರೀ ಚಿತ್ರ ಕಾಣುತ್ತದೆ, ತಿರುಗುವುದಿಲ್ಲ. ಫೈಲ್ 48 ಎಂಬಿ, ಜಿಮೇಲ್ ಮಿತಿ 25. ಇನ್ನೊಂದು ಕನ್ವರ್ಟರ್‌ನಿಂದ ತೆಗೆದ ಪಿಡಿಎಫ್‌ನಲ್ಲಿ 20 ಎಂಎಂ ವ್ಯಾಸದ ಬುಶ್ ಹೋಲ್ ಅಳೆದರೆ 19.32 ಬರುತ್ತದೆ. ಯಾವುದನ್ನು ಎಲ್ಲಿ ಸರಿಪಡಿಸಬೇಕು?

ಡ್ರಾಯಿಂಗ್_ಆಫೀಸ್
ಮೊದಲನೆಯದು ನಿಮ್ಮ ಫೈಲ್‌ನ ದೋಷ ಅಲ್ಲ. ಪಿಡಿಎಫ್ ಒಳಗಿನ 3ಡಿ ಓಡುವುದು ಕಂಪ್ಯೂಟರ್‌ನ ಅಕ್ರೊಬ್ಯಾಟ್ ರೀಡರ್‌ನಂಥ ಕೆಲವೇ ಪ್ರೋಗ್ರಾಮ್‌ಗಳಲ್ಲಿ. ಕ್ರೋಮ್, ಎಡ್ಜ್, ವಾಟ್ಸ್ಯಾಪ್ ಪ್ರಿವ್ಯೂ, ಸಾಮಾನ್ಯ ಮೊಬೈಲ್ ರೀಡರ್‌ಗಳು 3ಡಿಯ ಮೇಲಿರುವ ಪೋಸ್ಟರ್ ಎಂಬ ಸ್ಥಿರ ಚಿತ್ರವನ್ನಷ್ಟೇ ತೋರಿಸುತ್ತವೆ.

ರೀಡರ್‌ನಲ್ಲೂ 3ಡಿ ಮೊದಲಿಗೆ ಆಫ್ ಇರುತ್ತದೆ. ಫೈಲ್ ತೆರೆದಾಗ ಮೇಲೆ ಹಳದಿ ಪಟ್ಟಿ ಬರುತ್ತದಲ್ಲ, ಅದರ ಆಪ್ಷನ್ಸ್‌ನಲ್ಲಿ ಆ ಒಂದು ಡಾಕ್ಯುಮೆಂಟನ್ನು ಮಾತ್ರ ಟ್ರಸ್ಟ್ ಮಾಡಲು ಹೇಳಿ. ಪ್ರಿಫರೆನ್ಸಸ್‌ನ '3ಡಿ ಅಂಡ್ ಮಲ್ಟಿಮೀಡಿಯಾ'ದಲ್ಲಿ ಎಲ್ಲ ಫೈಲ್‌ಗೂ ಆನ್ ಮಾಡಿಡುವುದು ಬೇಡ. 2011ರ ಡಿಸೆಂಬರ್‌ನಲ್ಲಿ ರೀಡರ್‌ನ ಯು3ಡಿ (ಪಿಡಿಎಫ್ ಒಳಗಿನ 3ಡಿಯ ಒಂದು ಬಗೆ) ಓದುವ ಭಾಗದಲ್ಲೇ ಒಂದು ಭದ್ರತಾ ತೂತು ಸಿಕ್ಕಿ, ತೇಪೆ ಬರುವ ಮೊದಲೇ ದಾಳಿಗೆ ಬಳಕೆಯಾಗಿತ್ತು. ಹಾಗಾಗಿ ಈ ಎಚ್ಚರಿಕೆ ಸುಮ್ಮನೆ ಇಟ್ಟದ್ದಲ್ಲ.

ಟೂಲ್‌ರೂಮ್_ಬೆಳಗಾವಿ
19.32 ಅನ್ನುವ ಅಂಕಿಯೇ ಕಾರಣ ಹೇಳುತ್ತಿದೆ. ನಿಮ್ಮ ಹೋಲ್ ಈಗ ವೃತ್ತ ಅಲ್ಲ, 12 ಮುಖದ ಬಹುಭುಜ. ಎದುರುಬದುರು ಮುಖಗಳ ಅಂತರ 20 × ಕಾಸ್ 15° = 19.32. ಮುಖ 36 ಆದರೆ 19.92. ಎಷ್ಟು ಹೆಚ್ಚಿಸಿದರೂ 20 ಮುಟ್ಟುವುದಿಲ್ಲ, ಫೈಲ್ ಮಾತ್ರ ಊದುತ್ತದೆ.

ಪಿಡಿಎಫ್ ಒಳಗೆ ಕೂರುವ 3ಡಿ ಎರಡು ಬಗೆ. ಯು3ಡಿ (ಎಕ್ಮಾ-363) ಅಂದರೆ ತ್ರಿಕೋನಗಳ ಜಾಲ. ಪಿಆರ್‌ಸಿ (ಐಎಸ್‌ಒ 14739-1, 2014) ತ್ರಿಕೋನಗಳನ್ನೂ ಹಿಡಿಯುತ್ತದೆ, ನಿಜವಾದ ಸಿಲಿಂಡರ್ ಮೇಲ್ಮೈಯನ್ನೂ ಹಿಡಿಯುತ್ತದೆ. ಕನ್ವರ್ಟರ್‌ನಲ್ಲಿ 'ಬಿ-ರೆಪ್' (ನಿಜವಾದ ಮೇಲ್ಮೈಗಳನ್ನೇ ಬರೆಯುವ) ಆಯ್ಕೆ ಇದ್ದರೆ ಅದನ್ನೇ ಹಾಕಿ, ವ್ಯಾಸ ಸರಿಯಾಗಿ ಬರುತ್ತದೆ. ಆದರೆ ಬಿ-ರೆಪ್ ಕೊಟ್ಟರೆ ನಿಮ್ಮ ನಿಖರ ಜ್ಯಾಮಿತಿಯನ್ನೇ ಕೈಗಿಟ್ಟಂತೆ. ಹೊರಗಿನವರಿಗೆ ಕೊಡುವಾಗ ಟೆಸಲೇಟೆಡ್ (ತ್ರಿಕೋನ ಜಾಲದ್ದು) ಸಾಕು, ಮೊದಲ ಪುಟದಲ್ಲಿ 'ಅಳತೆಗೆ 2ಡಿ ಡ್ರಾಯಿಂಗ್ ಮಾತ್ರ' ಎಂದು ದೊಡ್ಡದಾಗಿ ಬರೆಯಿರಿ. ಯಾರಾದರೂ 19.32 ನೋಡಿ ಆ ಅಳತೆಯ ರೀಮರ್ (ತೂತನ್ನು ನಿಖರ ಅಳತೆಗೆ ತರುವ ಉಪಕರಣ) ಹುಡುಕಲು ಹೊರಟರೆ ಜಾಬ್ ಕೆಟ್ಟಂತೆಯೇ.

48 ಎಂಬಿ ವಿಷಯ. ಪ್ಲೇಟು, ಬ್ಲಾಕುಗಳು ಫೈಲ್ ದಪ್ಪ ಮಾಡುವುದಿಲ್ಲ. ಸಪ್ಲೈಯರ್ ಸೈಟಿನಿಂದ ಇಳಿಸಿದ ಲೀನಿಯರ್ ಗೈಡ್ ಬಿಚ್ಚಿ ನೋಡಿ: ಒಳಗೆ ಒಂದೊಂದು ಬಾಲ್ ಕೂಡ ಮಾಡೆಲ್ ಆಗಿರಬಹುದು, ಮೈಮೇಲೆ ಕೆತ್ತಿದ ಲೋಗೋ. ಎಂ8 ಬೋಲ್ಟಿಗೆ ಹೆಲಿಕ್ಸ್ ಥ್ರೆಡ್ ಕತ್ತರಿಸಿದ್ದರೆ ಅದೊಂದೇ ಸಾವಿರಾರು ತ್ರಿಕೋನ ತಿನ್ನುತ್ತದೆ, ಅಂಥ ಬೋಲ್ಟು ಎಷ್ಟಿವೆ ಲೆಕ್ಕ ಹಾಕಿ. ಒಂದು ಕಾಪಿ ಮಾಡಿಕೊಂಡು ಥ್ರೆಡ್ಡನ್ನು ಕಾಸ್ಮೆಟಿಕ್ ಮಾಡಿ (ಕತ್ತರಿಸದೆ ಗುರುತು ಮಾತ್ರ), ಬಾಲ್, ಲೋಗೋ, ಸ್ಪ್ರಿಂಗ್ ಸಪ್ರೆಸ್ ಮಾಡಿ (ಅಳಿಸದೆ ಮರೆಮಾಡಿ ಬಿಡಿ). ಅಸೆಂಬ್ಲಿಯನ್ನು ಪಾರ್ಟ್ ಆಗಿ ಸೇವ್ ಮಾಡಿ 'ಎಕ್ಸ್‌ಟೀರಿಯರ್ ಫೇಸಸ್' ಕೊಟ್ಟರೆ ಇನ್ನೂ ಹಗುರ. ಆದರೆ ಅದು ಬರೀ ಸರ್ಫೇಸ್. ಪಾರ್ಟುಗಳ ಪಟ್ಟಿಯೂ ಹೋಗುತ್ತದೆ, ತೂಕವೂ ಸಿಗುವುದಿಲ್ಲ, ಸೆಕ್ಷನ್ ಮಾಡಿದರೆ ಒಳಗೆ ಟೊಳ್ಳು. ಜೋಡಣೆ ತೋರಿಸಬೇಕಾದ ಫಿಕ್ಸ್ಚರ್‌ಗೆ ಇದು ಆಗುವುದಿಲ್ಲ.

ಫಿಕ್ಸ್ಚರ್_ಡಿಸೈನ್
ಧನ್ಯವಾದ ಸರ್. ಗೈಡ್‌ನಲ್ಲಿ ಬಾಲ್‌ಗಳು ಇವೆ, ತೆಗೆಯುತ್ತೇನೆ. ಶಾಪಿನವರು ನೋಡುವುದು ಮೊಬೈಲ್‌ನಲ್ಲೇ, ಅದಕ್ಕೆ ಬೇರೆ ದಾರಿ ಇದೆಯೇ?

ಡ್ರಾಯಿಂಗ್_ಆಫೀಸ್
ಮೊಬೈಲ್‌ಗೆ ಪಿಡಿಎಫ್ ಹಟ ಬಿಡಿ. ಇ-ಡ್ರಾಯಿಂಗ್ಸ್ (ಸಾಲಿಡ್‌ವರ್ಕ್ಸ್ ಮಾಡೆಲ್ ನೋಡುವ ಪ್ರೋಗ್ರಾಮ್) ಬಳಸಿ ವೆಬ್ ಎಚ್‌ಟಿಎಂಎಲ್ ಆಗಿ ಉಳಿಸಿ, ಆಂಡ್ರಾಯ್ಡ್‌ನಲ್ಲಿ ಕ್ರೋಮ್‌ನಿಂದ ತೆರೆಯಲು ಹೇಳಿ. ಇಲ್ಲವೇ ಜಿಎಲ್‌ಬಿ ಫೈಲ್ ಕೊಡಿ, ಅದು ಜಿಎಲ್‌ಟಿಎಫ್ ಎಂಬ 3ಡಿ ಫಾರ್ಮ್ಯಾಟ್‌ನ ಒಂದೇ ಫೈಲಿನ ರೂಪ. ಜಿಎಲ್‌ಟಿಎಫ್‌ನ ಮೂಲಮಾನ ಮೀಟರ್. ಕನ್ವರ್ಟರ್ ಎಂಎಂ ಸಂಖ್ಯೆಯನ್ನು ಹಾಗೇ ಬರೆದರೆ 300 ಎಂಎಂ ಬೇಸ್ ಪ್ಲೇಟ್ 300 ಮೀಟರ್ ಆಗಿ ಕೂರುತ್ತದೆ. ಕಳಿಸುವ ಮೊದಲು ಒಂದು ಅಳತೆ ನೋಡಿ.

ಟೂಲ್‌ರೂಮ್_ಬೆಳಗಾವಿ
ಎರಡು ಮಾತು ಸೇರಿಸುತ್ತೇನೆ. ಪಿಡಿಎಫ್ ಮಾಡುವ ಮೊದಲು ಪಾರ್ಟ್ ಹೆಸರು ತಿದ್ದಿ. ಅಸೆಂಬ್ಲಿ ಒಳಗೇ ಹುಟ್ಟಿದ ಪಾರ್ಟುಗಳು 'ಪಾರ್ಟ್1^ಅಸೆಂಬ್ಲಿ2' ಅಂತ ಇರುತ್ತವೆ. ಮಾಡೆಲ್ ಟ್ರೀಯಲ್ಲಿ ಅವು ಹಾಗೇ ಬಂದರೆ ಲೊಕೇಟರ್ ಯಾವುದು, ಕ್ಲ್ಯಾಂಪ್ ಯಾವುದು ಎಂದು ಶಾಪಿನವರಿಗೆ ಗೊತ್ತಾಗುವುದಿಲ್ಲ. ಡ್ರಾಯಿಂಗ್ ನಂಬರು ಮತ್ತು ರಿವಿಷನ್ ಫೈಲ್ ಹೆಸರಿನಲ್ಲೂ ಪುಟದ ಮೇಲೂ ಇರಲಿ.

ಸಿಎನ್‌ಸಿ ಪ್ರೋಗ್ರಾಮಿಂಗ್ ಹೊರಗೆ ಮಾಡಿಸುವುದಾದರೆ ಎಪಿ242 ಸ್ಟೆಪ್ ಫೈಲನ್ನು (ಬೇರೆ ಬೇರೆ ಕ್ಯಾಡ್‌ಗಳು ಓದಬಲ್ಲ ಸಾಮಾನ್ಯ 3ಡಿ ಫಾರ್ಮ್ಯಾಟ್) ಅದೇ ಪಿಡಿಎಫ್‌ಗೆ ಅಟ್ಯಾಚ್‌ಮೆಂಟ್ ಆಗಿ ಸೇರಿಸಿ. ಕ್ಯಾಮ್‌ಗೆ, ಅಂದರೆ ಮಷೀನ್ ಪ್ರೋಗ್ರಾಮ್ ಬರೆಯುವ ಸಾಫ್ಟ್‌ವೇರ್‌ಗೆ, ಬೇಕಾದದ್ದು ಅದು. ಆದರೆ ಅದು ಪೂರ್ತಿ ನಿಖರ ಮಾಡೆಲ್ ಆದ್ದರಿಂದ, ಕೋಟೇಷನ್ ಕೇಳಲು ಹತ್ತು ಕಡೆ ಕಳಿಸುವ ಪ್ರತಿಯಲ್ಲಿ ಸೇರಿಸಬೇಡಿ; ಆರ್ಡರ್ ಕೊಟ್ಟವರಿಗೆ ಮಾತ್ರ ಕಳಿಸಿ.