ಏನೂ ಇಲ್ಲದ ಪೇಸ್ಟು

"ಫ್ಲೋರೈಡ್ ಫ್ರೀ! ಓದಿ ಮೇಷ್ಟ್ರೇ, ನೀವೇ ಓದಿ" ಎಂದು ಗುಂಡಣ್ಣ ಮೊಮ್ಮಗನಿಗೆ ತಂದ ಪೇಸ್ಟನ್ನು ಮೇಜಿನ ಮೇಲೆ ಕುಟ್ಟಿದರು.

ಮೇಷ್ಟ್ರು ಹಣೆ ಮೇಲಿದ್ದ ಕನ್ನಡಕವನ್ನು ಮೂಗಿಗೆ ಇಳಿಸಿದರು. "ಫ್ಲೋರೈಡ್ ಫ್ರೀ. ಸಕ್ಕರೆ ಫ್ರೀ. ಸಲ್ಫೇಟ್ ಫ್ರೀ. ಪ್ಯಾರಾಬೆನ್ ಫ್ರೀ. ಸರಿ, ಇಲ್ಲದ್ದೆಲ್ಲ ಗೊತ್ತಾಯಿತು. ಒಳಗೆ ಏನಿದೆ?"

"ಅದೇ... ಪೇಸ್ಟು."

"ನನಗೂ ಇಂಥದ್ದೊಂದು ಚೀಟಿ ಬರೆದು ಎದೆಗೆ ಅಂಟಿಸಿ. ಆಸ್ತಿ ಫ್ರೀ, ಕೂದಲು ಫ್ರೀ, ಮಂಡಿಯಲ್ಲಿ ಶಕ್ತಿ ಫ್ರೀ. ಈ ಲೆಕ್ಕದಲ್ಲಿ ನನ್ನಷ್ಟು ಶುದ್ಧವಾದ ಮನುಷ್ಯ ಇನ್ನೊಬ್ಬ ಸಿಗಲ್ಲ."

"ನಮ್ಮ ಮನೆಯವರಿಗೂ ಒಂದು ಬರೀರಿ. ಕೆಲಸ ಫ್ರೀ" ಎಂದರು ಸರೋಜಕ್ಕ.

"ತಮಾಷೆ ಸಾಕು" ಗುಂಡಣ್ಣ ಮೊಬೈಲ್ ತೆಗೆದರು. "ಹುಳುಕು ತಡೆಯೋಕೆ ಅಂತ ಪೇಸ್ಟಿಗೆ ಹಾಕುತ್ತಾರಲ್ಲ, ಆ ಫ್ಲೋರೈಡ್ ಅಂದರೆ ವಿಷ. ಟ್ಯೂಬಿನ ಮೇಲೆ ಅವರೇ ಬರೆದಿರುತ್ತಾರೆ, ಮಗು ನುಂಗಿದರೆ ಡಾಕ್ಟರಿಗೆ ಹೇಳಿ ಅಂತ. ಇಲ್ಲಿ ಫೋಟೋ ಸಮೇತ ಬಂದಿದೆ."

"ಬರೆದಿರುತ್ತಾರೆ. ಅಮೆರಿಕದಲ್ಲಿ 1997ರಿಂದ ಬರೆಯುತ್ತಿದ್ದಾರೆ. ಆದರೆ ಉಜ್ಜುವುದಕ್ಕೆ ಬೇಕಾದ್ದಕ್ಕಿಂತ ಜಾಸ್ತಿ ನುಂಗಿದರೆ ಅಂತ ಇರೋದು. ಫಾರ್ವರ್ಡ್ ಆಗ್ತಾ ಆಗ್ತಾ ಆ ‘ಜಾಸ್ತಿ’ ಎಲ್ಲೋ ಉದುರಿಹೋಗಿದೆ."

ಇಷ್ಟು ಹೊತ್ತು ಸುಮ್ನೆ ಕೂತಿದ್ದ ಶೀನಿಯ ಮುಖ ಬಾಡಿತು. "ನಮ್ಮ ಪುಟ್ಟಿ ನುಂಗುತ್ತಾಳೆ ಮೇಷ್ಟ್ರೇ. ಉಗಿಯಮ್ಮಾ ಅಂದರೆ ನಗುತ್ತಾಳೆ. ಆಮೇಲೆ ಗುಟುಕ್ ಅಂತ ನುಂಗುತ್ತಾಳೆ. ಇನ್ನೂ ಎರಡು ವರ್ಷ."

"ಎಷ್ಟು ಹಾಕ್ತೀಯ?"

ಶೀನಿ ಗುಂಡಣ್ಣನ ಟ್ಯೂಬಿನ ಮುಚ್ಚಳ ತಿರುಗಿಸಿದ. ಅದರ ಜೊತೆಯಲ್ಲೇ ಬಂದಿದ್ದ ಪುಟ್ಟ ಬ್ರಷ್ಷಿನ ಮೇಲೆ ಒಂದು ತುದಿಯಿಂದ ಇನ್ನೊಂದು ತುದಿಗೆ ಎಳೆದ. ನಡುವೆ ಒಂದು ಅಲೆ ಎಬ್ಬಿಸಿದ. ಕೊನೆಯಲ್ಲಿ ಕೈ ಮೇಲೆತ್ತಿ ಬಾಲ ಬಿಟ್ಟ. ಗುಲಾಬಿ ಬಣ್ಣದ ಬಾಲ ಒಂದು ಕ್ಷಣ ನಿಂತು ಆಮೇಲೆ ಮಗ್ಗುಲಿಗೆ ವಾಲಿತು.

"ಭಲೇ! ಈ ಬಾಲ ಯಾರು ಕಲಿಸಿದರು?"

"ಯಾರೂ ಇಲ್ಲ. ಜಾಹೀರಾತಿನಲ್ಲಿ ಹಾಗೇ ತಾನೇ ಹಾಕೋದು?"

"ಅವನು ಪೇಸ್ಟು ಮಾರೋಕೆ ಕೂತವನು ಕಣೋ. ಟ್ಯೂಬು ಎಷ್ಟು ಬೇಗ ಖಾಲಿಯಾದರೆ ಅವನಿಗೆ ಅಷ್ಟು ಒಳ್ಳೇದು." ಮೇಷ್ಟ್ರು ಬ್ರಷ್ಷು ಇಸಿದುಕೊಂಡು ಆ ಗುಲಾಬಿ ಅಲೆಯನ್ನೆಲ್ಲ ಕೆರೆದು ಪೆಟ್ಟಿಗೆಯ ಮೇಲೆ ಬಳಿದರು. ಬ್ರಷ್ಷಿನ ಮೂಲೆಯಲ್ಲಿ ಒಂದು ಚೂರು ಉಳಿಯಿತು. "ಇಷ್ಟು. ಅಕ್ಕಿ ಕಾಳಿನಷ್ಟು. ಮೂರು ವರ್ಷ ಆಗುವವರೆಗೆ ಇಷ್ಟೇ. ಮೂರರಿಂದ ಆರರವರೆಗೆ ಬಟಾಣಿ ಕಾಳಿನಷ್ಟು."

"ಅಕ್ಕಿ ಬೆಂದದ್ದೋ, ಬೇಯದ್ದೋ?" ಸರೋಜಕ್ಕನ ಅನುಮಾನ.

"ಬೇಯದ್ದು. ಬೇಯಿಸಿದರೆ ಶೀನಿ ಅದಕ್ಕೂ ಬಾಲ ಬಿಡುತ್ತಾನೆ."

"ಅಷ್ಟನ್ನೂ ನುಂಗಿದರೆ?"

"ಲೆಕ್ಕ ಹಾಕು. ಪೇಸ್ಟಿನ ಮೇಲೆ 1000 ಪಿಪಿಎಂ ಅಂತಿದ್ದರೆ, ಒಂದು ಗ್ರಾಂ ಪೇಸ್ಟಿನಲ್ಲಿ ಒಂದು ಮಿಲಿಗ್ರಾಂ ಫ್ಲೋರೈಡ್. ಅಕ್ಕಿ ಕಾಳಿನಷ್ಟು ಪೇಸ್ಟು ಸುಮಾರು 0.1 ಗ್ರಾಂ. ಪೂರ್ತಿ ನುಂಗಿದರೂ ಒಳಗೆ ಹೋಗೋದು 0.1 ಮಿಲಿಗ್ರಾಂ. ತಕ್ಷಣ ಆಸ್ಪತ್ರೆಗೆ ಓಡಬೇಕು ಅನ್ನೋ ಅಳತೆ ಮೈತೂಕದ ಒಂದೊಂದು ಕೆಜಿಗೆ 5 ಮಿಲಿಗ್ರಾಂ. ಹತ್ತು ಕೆಜಿ ಮಗುವಿಗೆ 50."

ಶೀನಿ ಬೆರಳು ಮಡಚಿದ. "ಅಂದರೆ 500 ಸಲ ಉಜ್ಜುವ ಪೇಸ್ಟನ್ನು ಒಟ್ಟಿಗೇ ನುಂಗಬೇಕು!"

"ಹಾಗಂತ ನಿರಾಳವಾಗಬೇಡ. 500 ಸಲದ್ದು ಸೇರಿದರೆ 50 ಗ್ರಾಂ ಪೇಸ್ಟು, ಅಂದರೆ ಎಷ್ಟೋ ಟ್ಯೂಬುಗಳಲ್ಲಿ ಅರ್ಧಕ್ಕೇ ಬಂತು. ಅದಕ್ಕಿಂತ ಕಡಿಮೆ ತಿಂದರೂ ಹೊಟ್ಟೆನೋವು, ವಾಂತಿ ಬರಬಹುದು. ಟ್ಯೂಬು ನಿನ್ನ ಕೈಯಲ್ಲಿರಲಿ, ಆಮೇಲೆ ಅವಳಿಗೆ ಎಟುಕದ ಕಡೆ ಇಡು. ನನಗೆ ಸಿಟ್ಟು ಬರೋದು ಇಲ್ಲೇ ನೋಡು. ಪೇಸ್ಟಿಗೆ ಸ್ಟ್ರಾಬೆರಿ ರುಚಿ, ಮಿಠಾಯಿ ವಾಸನೆ, ಹೊರಗೆ ಕುಣಿಯುವ ಕರಡಿ. ಹಿಂದುಗಡೆ ಇರುವೆಗಾತ್ರದ ಅಕ್ಷರದಲ್ಲಿ, ನುಂಗಬೇಡಿ! ಓದಲು ಬರುವವರಿಗೆ ನುಂಗುವ ಆಸೆ ಇಲ್ಲ. ನುಂಗುವ ಆಸೆ ಇರುವವರಿಗೆ ಓದಲು ಬರಲ್ಲ."

ಗುಂಡಣ್ಣ ಬಿಡುವವರಲ್ಲ. "ಹಾಗಾದರೆ ಹಲ್ಲಿನ ಮೇಲೆ ಮಚ್ಚೆ ಬರುತ್ತೆ ಅನ್ನೋದು ಸುಳ್ಳಾ?"

"ಅದು ನಿಜ." ಗುಂಡಣ್ಣನಿಗೇ ಗಾಬರಿಯಾಯಿತು. ಮೇಷ್ಟ್ರು ಇಷ್ಟು ಸುಲಭವಾಗಿ ಒಪ್ಪುವವರಲ್ಲ. "ಮಗುವಿಗೆ ಎಂಟು ವರ್ಷ ಆಗುವವರೆಗೂ ಮುಂದೆ ಬರಬೇಕಾದ ಹಲ್ಲುಗಳು ವಸಡಿನ ಒಳಗೆ ತಯಾರಾಗುತ್ತಿರುತ್ತವೆ. ಆಗ ದಿನಾ ಫ್ಲೋರೈಡ್ ಜಾಸ್ತಿ ನುಂಗಿದರೆ ಬಿಳಿ ಗೆರೆ, ಬಿಳಿ ಚುಕ್ಕೆ. ಪೇಸ್ಟಿನಿಂದ ಬರೋದು ಹೆಚ್ಚಾಗಿ ಇಷ್ಟೇ, ಕಣ್ಣರಳಿಸಿ ಹುಡುಕಿದರೆ ಕಂಡೀತು. ಕುಡಿಯುವ ನೀರಿನಲ್ಲೇ ಫ್ಲೋರೈಡ್ ಜಾಸ್ತಿ ಇರುವ ಕಡೆ ಮಾತು ಬೇರೆ. ಅಲ್ಲಿನವರು ಹಲ್ಲಿನ ಡಾಕ್ಟರನ್ನು ಕೇಳಿಯೇ ಪೇಸ್ಟು ಆರಿಸಬೇಕು. ಇಡೀ ಕಥೆ ಶುರುವಾದದ್ದೇ ಅಂಥ ನೀರಿನಿಂದ. 1901ರಲ್ಲಿ ಮೆಕೇ ಅನ್ನೋ ಹಲ್ಲಿನ ಡಾಕ್ಟರು ಅಮೆರಿಕದ ಕೊಲೊರಾಡೊ ಸ್ಪ್ರಿಂಗ್ಸ್‌ಗೆ ಹೋದರು. ಅಲ್ಲಿ ಹುಟ್ಟಿ ಬೆಳೆದ ಎಷ್ಟೋ ಜನರ ಹಲ್ಲು ಕಂದು ಬಣ್ಣ. ಆದರೆ ಆ ಕಂದು ಹಲ್ಲಿಗೆ ಹುಳುಕು ಹತ್ತುವುದು ಕಡಿಮೆ! ಇದಕ್ಕೆ ನೀರಿನಲ್ಲಿರುವ ಫ್ಲೋರೈಡ್ ಕಾರಣ ಅಂತ ಗೊತ್ತಾಗೋಕೆ 1931 ಬರಬೇಕಾಯಿತು."

"ಕೆಡಿಸಿದ್ದೂ ಅದೇ, ಕಾಪಾಡಿದ್ದೂ ಅದೇ" ಎಂದರು ಸರೋಜಕ್ಕ.

"ಅಷ್ಟೇ. ಸಿಹಿ ತಿಂದಾಗ ಬಾಯಲ್ಲಿರುವ ಬ್ಯಾಕ್ಟೀರಿಯಾ ಅದನ್ನು ಆಮ್ಲ ಮಾಡುತ್ತವೆ. ಆಮ್ಲ ಹಲ್ಲಿನ ಗಟ್ಟಿ ಹೊರಪದರ ಎನಾಮಲ್ಲಿನಿಂದ ಕ್ಯಾಲ್ಸಿಯಂ ಕದಿಯುತ್ತದೆ. ಜೊಲ್ಲು ಅದನ್ನು ವಾಪಸು ತುಂಬುತ್ತದೆ. ಪಕ್ಕದಲ್ಲಿ ಫ್ಲೋರೈಡ್ ಇದ್ದರೆ ತುಂಬೋದು ಬೇಗ, ತುಂಬಿದ ಜಾಗ ಮೊದಲಿಗಿಂತ ಗಟ್ಟಿ. ಈ ಕೆಲಸವೆಲ್ಲ ಹಲ್ಲಿನ ಮೇಲೇ ನಡೆಯೋದು, ಹೊಟ್ಟೆಯಲ್ಲಲ್ಲ. ಅದಕ್ಕೇ ಉಗಿಯಬೇಕು. ಉಗಿದ ಮೇಲೆ ಗಳಗಳ ಬಾಯಿ ಮುಕ್ಕಳಿಸಲೂ ಬಾರದು, ಹಚ್ಚಿದ್ದೆಲ್ಲ ತೊಳೆದುಹೋಗುತ್ತದೆ."

"ಹಿಂದೆ ಡಾಕ್ಟರುಗಳೇ ಚಿಕ್ಕ ಮಕ್ಕಳಿಗೆ ಬೇಡ ಅಂತಿದ್ದರಲ್ರೀ?" ಗುಂಡಣ್ಣ ಕೊನೆಯ ಬಾಣ ಬಿಟ್ಟರು.

"ಅಂತಿದ್ದರು. ಎರಡು ವರ್ಷದೊಳಗೆ ಕೇಳದೆ ಹಾಕಬೇಡಿ ಅಂತಿದ್ದ ಅಮೆರಿಕದ ದಂತವೈದ್ಯರ ಸಂಘ 2014ರಲ್ಲಿ ಮಾತು ಬದಲಿಸಿತು. ಮೊದಲ ಹಲ್ಲು ಮೂಡಿದಾಗಲೇ ಶುರುಮಾಡಿ, ಅಳತೆ ಮಾತ್ರ ಮೀರಬೇಡಿ ಅಂದಿತು."

"ನೋಡಿದ್ರಾ! ಒಂದು ಮಾತಿನ ಮೇಲೆ ನಿಲ್ಲಲ್ಲ."

"ನಿಮ್ಮ ವಾಟ್ಸ್ಆ್ಯಪ್ ನಿಲ್ಲುತ್ತೆ ಬಿಡಿ. ಎಷ್ಟು ತಪ್ಪಾಗಿದ್ದರೂ ಅಲ್ಲಾಡಲ್ಲ."

"ಹಾಲುಹಲ್ಲು ಹೇಗೂ ಬೀಳುತ್ತೆ. ಬೀಳುವುದಕ್ಕೆ ಇಷ್ಟೆಲ್ಲ ಉಪಚಾರ ಯಾಕೆ?"

"ನಾವೂ ಒಂದಿನ ಹೋಗುವವರೇ. ಆದರೂ ನೀವು ಬೆಳಿಗ್ಗೆ ಬಿಪಿ ಮಾತ್ರೆ ತಗೊಂಡೇ ಬಂದಿದ್ದೀರಿ, ಅಲ್ವಾ? ದವಡೆಯ ಹಾಲುಹಲ್ಲು ಹತ್ತು ಹನ್ನೆರಡು ವರ್ಷದವರೆಗೂ ಕೆಲಸ ಮಾಡಬೇಕು. ಮುಂದೆ ಬರುವ ಹಲ್ಲಿಗೆ ಜಾಗ ಹಿಡಿದಿಡೋದೂ ಅದೇ. ಅಷ್ಟರೊಳಗೆ ಹುಳುಕಾದರೆ ರಾತ್ರಿಯೆಲ್ಲ ಅಳೋದು ಮಗು, ನಿಮ್ಮ ಫಾರ್ವರ್ಡ್ ಅಲ್ಲ."

"ನನ್ನನ್ನೇ ನೋಡಿ!" ಗುಂಡಣ್ಣ ಎದೆ ತಟ್ಟಿಕೊಂಡರು. "ಹುಟ್ಟಿದಾಗಿನಿಂದ ಫ್ಲೋರೈಡ್ ಮುಟ್ಟಿದವನಲ್ಲ!" ಎಂದು ಜೋರಾಗಿ ನಕ್ಕ ರಭಸಕ್ಕೆ ಮೇಲಿನ ಸೆಟ್ಟು ಒಟ್ಟಾಗಿ ಕೆಳಕ್ಕೆ ಜಾರಿತು. ನಾಲಿಗೆಯಲ್ಲಿ ಒತ್ತಿ ಸರಿ ಮಾಡಿಕೊಂಡರು.

"ಗೊತ್ತಾಗುತ್ತಿದೆ" ಎಂದರು ಮೇಷ್ಟ್ರು. "ಫ್ಲೋರೈಡ್ ಫ್ರೀ, ಹುಳುಕು ಫ್ರೀ, ಹಲ್ಲೂ ಫ್ರೀ."

ನಗು ನಿಂತ ಮೇಲೆ ಶೀನಿ ತನ್ನ ಕಷ್ಟ ತೆಗೆದ. ಪುಟ್ಟಿ ಬಾಯಿ ಬಿಡಲ್ಲ. ಬಿಟ್ಟರೆ ಬ್ರಷ್ಷು ಕಚ್ಚಿ ಹಿಡಿಯುತ್ತಾಳೆ. ಬಿಡಿಸಿದರೆ ಬೆರಳು ಕಚ್ಚುತ್ತಾಳೆ. "ಇದು ಎಲ್ಲಿಯವರೆಗೆ ಮೇಷ್ಟ್ರೇ?"

"ಏಳು ವರ್ಷದವರೆಗಾದರೂ ನೀನೇ ಉಜ್ಜಬೇಕು, ಇಲ್ಲ ಪಕ್ಕದಲ್ಲಿ ನಿಂತು ನೋಡಬೇಕು. ಅವರ ಕೈಗೆ ಅಲ್ಲಿಯವರೆಗೆ ಹಿಡಿತ ಬರಲ್ಲ." ಮೇಷ್ಟ್ರು ಬ್ರಷ್ಷನ್ನು ತಿರುಗಿಸಿ ನೋಡುತ್ತಿದ್ದರು. "ನನ್ನ ಮಗಳೂ ಹೀಗೇ ಕಚ್ಚುತ್ತಿದ್ದಳು. ಗದ್ದ ಹಿಡಿದು ಆ ಅನ್ನು, ಈ ಅನ್ನು ಅಂತ ಗೋಗರೆಯಬೇಕಿತ್ತು. ದಿನಾ ಕೆಲಸಕ್ಕೆ ಲೇಟು. ಯಾವಾಗ ಮುಗಿಯುತ್ತಪ್ಪಾ ಅಂತ ಬೈದುಕೊಳ್ಳುತ್ತಿದ್ದೆ. ಒಂದಿನ ಬ್ರಷ್ಷು ಕಿತ್ತುಕೊಂಡು, ನಾನೇ ಉಜ್ಜಿಕೊಳ್ತೀನಿ ನೀನು ಹೋಗು ಅಂದಳು. ಹೋದೆ. ಈಗ ಅವಳು ಫೋನ್ ಮಾಡಿದಾಗ ಊಟ ಆಯ್ತಾ ಅಂತ ಕೇಳಬಹುದು. ಬಾಯಿ ತೋರಿಸು ಅನ್ನೋಕಾಗಲ್ಲ."

ಯಾರೂ ಮಾತಾಡಲಿಲ್ಲ. ಸರೋಜಕ್ಕ ಮಾತ್ರ ಗುಂಡಣ್ಣನ ಕಡೆಗೇ ನೋಡುತ್ತಿದ್ದರು. ಮೇಷ್ಟ್ರು ಕೆರೆದು ಬಳಿದಿದ್ದ ಗುಲಾಬಿ ಪೇಸ್ಟು ಪೆಟ್ಟಿಗೆಯ ಮೇಲೆ ಇರಲಿಲ್ಲ. ಗುಂಡಣ್ಣ ಬೆರಳು ಚೀಪುತ್ತಿದ್ದರು.

"ರುಚಿ ಏನೋ ಪರವಾಗಿಲ್ಲ ಕಣ್ರೀ."

"ಉಗೀರಿ ಗುಂಡಣ್ಣ!"

ಗುಂಡಣ್ಣ ನಕ್ಕರು. ಆಮೇಲೆ ಗುಟುಕ್ ಅಂತ ನುಂಗಿದರು.